ಎರಡಾದ ಸುತ್ತುವಹಿ

ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಜೇವರ್ಗಿಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ, ಇನ್ನಿಬ್ಬರು ಮಾಸ್ತರರೊಂದಿಗೆ ಸೇರಿ ಒಂದು ವಹಿ ಸುರು ಮಾಡಿದೆ. ಒಬ್ಬರು ಆಳಂದದವರು, ನನ್ನ ಜೊತೆಗೇ ತರಬೇತಿ ಮುಗಿಸಿದ ಗೆಳೆಯರು. ಇನ್ನೊಬ್ಬರು ಅಫಜಲಪುರದವರು. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಬಹಳ. ಪಾಠದಲ್ಲಿ ತೊಡಕು ಬಂದರೆ ಕೇಳಲು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಅದಕ್ಕಾಗಿ ಈ ವಹಿ. ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಉತ್ತರ. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಊರಿಂದ ಊರಿಗೆ ತಿರುಗಿ ಕೊನೆಗೆ ನನ್ನಲ್ಲಿಗೆ ಮರಳುತ್ತಿತ್ತು. ಸುತ್ತುವಹಿ ಎಂದು ಕರೆದೆವು.

ನಿಯಮಗಳನ್ನು ನಾನೇ ಬರೆದು ರಟ್ಟಿನ ಒಳಗೆ ಅಂಟಿಸಿದ್ದೆ. ಒಬ್ಬರ ಬಳಿ ಮೂರೇ ದಿನ. ಬರೆಯುವುದು ನೀಲಿ ಶಾಯಿಯಲ್ಲಿ. ತಪ್ಪಾದರೆ ಒಂದು ಗೆರೆ ಹೊಡೆಯಬೇಕು, ಗೀಚಬಾರದು. ಅಮಾವಾಸ್ಯೆಯ ದಿನ ಬಸ್ಸಿಗೆ ಕೊಡಬಾರದು. ಅಂದು ಘತ್ತರಗಿಯ ದೇವಿ ದರ್ಶನಕ್ಕೆ ಹೋಗುವವರ ಗದ್ದಲದಲ್ಲಿ ಒಮ್ಮೆ ಅದು ಯಾರದೋ ಬುತ್ತಿಗಂಟಿನ ಕೆಳಗೆ ಸಿಕ್ಕು, ಎಣ್ಣೆ ಕುಡಿದು ಬಂದಿತ್ತು.

ಮೊದಲ ವರ್ಷಗಳು ಚೆನ್ನಾಗಿದ್ದವು. ನಾವು ಒಂಬತ್ತು ಜನ, ತಿಂಗಳಿಗೊಂದು ಸುತ್ತು. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ, ಕನ್ನಡವನ್ನು ಎಲ್ಲಿಂದ ಹಿಡಿಯಲಿ ಎಂದು ಆಳಂದದ ಕಡೆಯವರೊಬ್ಬರು ಕೇಳಿದರೆ, ಇಜೇರಿಯಲ್ಲಿದ್ದ ಮಾಸ್ತರರು ಎರಡು ಪುಟ ತುಂಬ ಬರೆದು ಕಳಿಸಿದರು. ಕರಿಹಲಗೆಗೆ ಬಳಿಯುವ ಬಣ್ಣವನ್ನು ಮನೆಯಲ್ಲೇ ಕಲಸುವ ರೀತಿ, ಮಗ್ಗಿ ಮರೆಯುವ ಹುಡುಗರನ್ನು ಕೂಡಿಸುವ ರೀತಿ, ಎಲ್ಲವೂ ಅಲ್ಲಿತ್ತು. ಒಂದು ವಹಿ ತುಂಬಿದರೆ ಅದನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿ ಹೊಸದನ್ನು ಕಳಿಸುತ್ತಿದ್ದೆ.

ಮುಂದೆ ಸುದ್ದಿ ಹರಡಿತು. ಹೊಸದಾಗಿ ನೇಮಕವಾದವರು ತಮ್ಮ ಹೆಸರೂ ಸೇರಿಸಿರೆಂದು ಕಾರ್ಡು ಹಾಕತೊಡಗಿದರು. ಯಾರನ್ನೂ ಬೇಡವೆನ್ನಲಿಲ್ಲ. ಮೂವತ್ತಾರು ಜನರಾದೆವು. ಸುತ್ತಿಗೆ ಮೂರೂವರೆ ತಿಂಗಳು ಹಿಡಿಯತೊಡಗಿತು. ಹೊಸಬರು ಕೇಳುವುದೆಲ್ಲ ಹಳಬರು ಎಂದೋ ಉತ್ತರ ಕೊಟ್ಟ ಪ್ರಶ್ನೆಗಳೇ.

ಒಂದು ಭಾನುವಾರ ಆಳಂದದ ಗೆಳೆಯರು ಮನೆಗೆ ಬಂದು ಕುಳಿತರು.

“ಬೋರ್ಡಿಗೆ ಕಪ್ಪ ಹಚ್ಚೋದು ಏಳನೇ ಸಲ ಬರ್ದೇನಿ ಮಾಸ್ತರ. ಬೋರ್ಡ್ ಹೋಗ್ಲಿ, ನನ್ನ ಮಾರಿನೇ ಕಪ್ಪಾಗೇದ.”

“ಮೊದಲೇನು ಬೆಳ್ಳಗಿತ್ತೇನು?” ಎಂದೆ.

“ಚ್ಯಾಷ್ಟಿ ಬ್ಯಾಡ. ಹಳಬರೆಲ್ಲ ಬ್ಯಾಸರಾಗ್ಯಾರ. ಹೊಸಾ ಮಂದಿ ಓದಂಗಿಲ್ಲ, ಬರೇ ಕೇಳ್ತಾರ. ಹಿಂಗೇ ನಡದ್ರ ನಾ ಬಿಡ್ತೇನಿ ನೋಡು.”

ನನಗೆ ಹೆದರಿಕೆಯಾಯಿತು. ಹಳಬರು ಬಿಟ್ಟರೆ ಉತ್ತರ ಕೊಡುವವರು ಯಾರು? ಅಂದಿನಿಂದ ಹೊಸ ನಿಯಮ ಮಾಡಿದೆ. ಹಳೆಯ ಪ್ರಶ್ನೆ ಮತ್ತೆ ಬಂದರೆ ನಾನೇ ಕೆಂಪು ಶಾಯಿಯಲ್ಲಿ ಇಂಥ ವಹಿ, ಇಂಥ ಪುಟ ನೋಡಿರಿ ಎಂದು ಬರೆಯುವುದು. ಎಲ್ಲ ವಹಿಗಳಿಗೂ ಅನುಕ್ರಮಣಿಕೆ ತಯಾರಿಸಿದೆ. ಹಳಬರಿಗೆ ಸಮಾಧಾನವಾಯಿತು.

ಆ ಮಳೆಗಾಲದಲ್ಲಿ ಅಫಜಲಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಬಾಯಾರು, ವಹಿಗೆ ಸೇರಿದಳು. ಅದು ಆಕೆಯ ಮೊದಲ ಕೆಲಸ. ಆಕೆಯ ಪ್ರಶ್ನೆ ಹೀಗಿತ್ತು: ಒಂದೇ ಕೋಣೆ, ನಾಲ್ಕು ತರಗತಿ, ನಾನೊಬ್ಬಳೇ. ಸಣ್ಣವರ ಕೈ ಹಿಡಿದು ಬರೆಸುವಾಗ ನಾಲ್ಕನೆಯ ತರಗತಿಯವರು ಸುಮ್ಮನೆ ಕುಳಿತು, ಬೇಸತ್ತು ಎದ್ದು ಹೋಗುತ್ತಾರೆ. ಹೀಗಾದರೆ ಅವರನ್ನು ಮನೆಯವರು ಶಾಲೆ ಬಿಡಿಸುತ್ತಾರೆ, ಏನು ಮಾಡಲಿ?

ನಾನು ಕೆಂಪು ಶಾಯಿಯಲ್ಲಿ ‘ಎರಡನೆಯ ವಹಿ, ಪುಟ ಮೂವತ್ತೊಂದು’ ಎಂದು ಬರೆದು, ಆಕೆಗೆ ಅದನ್ನೇ ಕಾರ್ಡಿನಲ್ಲೂ ತಿಳಿಸಿದೆ. ಆ ಕಾರ್ಡಿನಲ್ಲಿ ಉತ್ತರವನ್ನೇ ಬರೆಯಲು ಜಾಗವಿತ್ತು. ನಿಯಮ ಹಾಗಿರಲಿಲ್ಲ.

ಮುಂದಿನ ಭಾನುವಾರ ಹತ್ತು ಗಂಟೆಗೆ ಆಕೆ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಗುಲ್ಬರ್ಗಾದಲ್ಲಿ ಬಸ್ಸು ಬದಲಿಸಿ ಬಂದಿದ್ದಳು.

“ಗುರುಗಳ, ಎರಡನೇ ವಹಿ ನೋಡ್ಬೇಕಾಗಿತ್ರಿ. ಒಯ್ದು ನಾಳಿದ್ದು ಕಳಸ್ತೇನ್ರಿ.”

“ಹಳೇ ವಹಿ ಹೊರಗ ಕೊಡಂಗಿಲ್ಲ ಬಾಯಾರ. ಇಲ್ಲೇ ಕುಂತು ನೋಡ್ಕೊಳ್ರಿ. ಹನ್ನೊಂದಕ್ಕ ನನಗ ಬ್ಯಾರೆ ಕೆಲಸ ಅದ.”

ಆಕೆ ಪಡಸಾಲೆಯಲ್ಲಿ ಕುಳಿತು ಆ ಪುಟವನ್ನು ಎರಡು ಸಲ ಓದಿದಳು. ಬರೆದುಕೊಳ್ಳಲು ತಂದಿದ್ದ ಕಾಗದವನ್ನು ಮಡಿಚಿ ಚೀಲದಲ್ಲಿಟ್ಟಳು.

“ಯಾಕ್ರಿ, ಬರ್ಕೊಳ್ಳಿಲ್ಲ?” ಎಂದು ಕೇಳಿದೆ.

“ದೊಡ್ಡ ಹುಡುಗರ ಕಡಿಂದ ಸಣ್ಣವರಿಗೆ ಕಲಸ್ರಿ ಅಂತ ಬರ್ದಾರ್ರಿ ಇದರಾಗ. ನಮ್ಮ ದೊಡ್ಡ ಹುಡುಗರಿಗೇ ಓದಾಕ ಬರಂಗಿಲ್ರಿ. ನನಗಿಂತ ಮೊದಲ ಎರಡು ವರ್ಷ ಅಲ್ಲಿ ಯಾರೂ ಇರಲಿಲ್ರಿ.”

“ಹಂಗಾದ್ರ ಇದನ್ನೇ ಮುಂದಿನ ಸುತ್ತಿನ್ಯಾಗ ಕೇಳ್ರಿ.”

“ಅದು ನಮ್ಮೂರಿಗಿ ಯಾವಾಗ ಬರ್ತದ್ರಿ?”

ಲೆಕ್ಕ ಹಾಕಿ ಹೇಳಿದೆ. ಆಕೆ, “ಅಷ್ಟರಾಗ ಹತ್ತಿ ಬಿಡಸೋದು ಸುರು ಆಗ್ತದ್ರಿ. ಒಮ್ಮೆ ಹೊಲಕ್ಕ ಹೋದ ಹುಡುಗರು ತಿರಗಿ ಬರಂಗಿಲ್ರಿ” ಎಂದಳು. ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಎದ್ದು ಹೊರಟಳು. ಒಂದು ಲೋಟ ಚಹಾ ಕೊಡಲೂ ನನಗೆ ಹೊಳೆಯಲಿಲ್ಲ.

ಆಕೆಯ ಮಾತು ನನ್ನನ್ನು ಕೊರೆಯಿತು. ಸುತ್ತು ಬೇಗ ಆಗಬೇಕು, ಹಳಬರಿಗೂ ಬೇಸರವಾಗಬಾರದು. ಎರಡು ವಾರ ಯೋಚಿಸಿ ವಹಿಯನ್ನೇ ಎರಡು ಮಾಡಿದೆ. ಹಳಬರಿಗೊಂದು, ಹೊಸಬರಿಗೊಂದು. ಹೊಸಬರು ಎರಡು ವರ್ಷ ತಮ್ಮ ವಹಿಯಲ್ಲಿ ಪಳಗಿ ಆಮೇಲೆ ಹಳಬರ ವಹಿಗೆ ಬರಬೇಕು. ಹೊಸಬರಿಗೆ ತಲಾ ಎರಡೇ ದಿನ. ಅವರ ವಹಿಯನ್ನು ಮೊದಲು ಆಕೆಯ ಊರಿಗೇ ಕಳಿಸಿದೆ. ಆಕೆಗೆ ಉಪಕಾರ ಮಾಡಿದೆನೆಂದೇ ತಿಳಿದಿದ್ದೆ. ನಾನು ಮಾಡಿದ ವ್ಯವಸ್ಥೆಗಳಲ್ಲೆಲ್ಲ ಅದೇ ಅಚ್ಚುಕಟ್ಟಾದದ್ದು ಎಂಬ ಹೆಮ್ಮೆಯೂ ಇತ್ತು.

ದೀಪಾವಳಿ ಕಳೆದ ಮೇಲೆ ಎರಡೂ ವಹಿಗಳು ಒಂದೇ ವಾರದಲ್ಲಿ ಮರಳಿದವು. ಹೊಸಬರ ವಹಿಯ ಮೊದಲ ಪುಟದಲ್ಲಿ ಆಕೆಯ ಪ್ರಶ್ನೆ ಮತ್ತೆ ಇತ್ತು, ದೊಡ್ಡ ಹುಡುಗರಿಗೂ ಓದಲು ಬರುವುದಿಲ್ಲ ಎಂಬ ಮಾತೂ ಸೇರಿ. ಅದರ ಕೆಳಗೆ ಬೇರೆ ಬೇರೆ ಕೈಬರಹದಲ್ಲಿ, ನನಗೂ ಇದೇ ತೊಂದರೆ, ನನ್ನ ಶಾಲೆಯಲ್ಲೂ ಹೀಗೇ, ತಿಳಿದವರು ಯಾರಾದರೂ ಹೇಳಿರಿ. ಬಲಪುಟ ಖಾಲಿ. ತಿರುವುತ್ತ ಹೋದೆ. ಎಲ್ಲ ಬಲಪುಟಗಳೂ ಖಾಲಿ.

ಹಳಬರ ವಹಿಯಲ್ಲಿ ಎಡಪುಟಗಳು ಖಾಲಿ. ಕೇಳುವವರೇ ಇರಲಿಲ್ಲ. ಬಲಪುಟಗಳಲ್ಲಿ ಕ್ಷೇಮಸಮಾಚಾರ, ವರ್ಗಾವಣೆಯ ಸುದ್ದಿ, ಒಬ್ಬರ ಮಗಳ ಮದುವೆಯ ಆಮಂತ್ರಣ. ಆಳಂದದ ಗೆಳೆಯರು ಒಂದೇ ಸಾಲು ಬರೆದಿದ್ದರು: ಈ ಸಲ ಬರೆಯಲು ಏನೂ ಇಲ್ಲ.

ಮರುದಿನ ರಜೆ ಹಾಕಿದೆ. ಹೊಸಬರ ವಹಿ ಹಿಡಿದು ಆಳಂದಕ್ಕೆ ಹೋಗಿ ಆ ಪುಟ ಅವರ ಮುಂದಿಟ್ಟೆ. ಓದಿ ಕನ್ನಡಕ ತೆಗೆದರು.

“ಇದನ್ನ ನನಗ್ಯಾಕ ಮೊದಲೇ ತೋರಸಲಿಲ್ಲಪಾ?”

“ಹಳೇ ಪ್ರಶ್ನೆ ಅಂತ ತಿಳಕೊಂಡಿದ್ದೆ.”

“ಹಳೇದ್ಯಾಕಾಗ್ತದ? ಸಾಲಿ ಬ್ಯಾರೆ, ಹುಡುಗರು ಬ್ಯಾರೆ.”

“ಏಳು ಸಲ ಬರ್ದು ಬ್ಯಾಸರಾಗೇದ ಅಂದವ ನೀನೇ.”

“ಅಂದೇನಿ. ಬಾಯಿಲೆ ಅಂದೇನಿ. ಬರಿಯೋದೇನು ಬಿಟ್ಟಿದ್ದೆನೇನು?”

ಅರ್ಧ ತಾಸಿನಲ್ಲಿ ಬರೆದು ಮುಗಿಸಿದರು. ಬೆಳಗಿನ ಮೊದಲ ತಾಸು ದೊಡ್ಡವರಿಗೇ ಕೊಡಬೇಕು. ಆಗ ನೆಲದ ಮೇಲೆ ದೊಡ್ಡ ಅಕ್ಷರ ಬರೆದು, ಅದರ ಗೆರೆಯ ಮೇಲೆ ಹುಣಸೆಬೀಜ ಜೋಡಿಸಲು ಸಣ್ಣವರನ್ನು ಹಚ್ಚಬೇಕು. ದೊಡ್ಡವರ ಓದು ಅವರ ಮನೆಯ ಮಾತಿನಿಂದಲೇ ಸುರುವಾಗಬೇಕು, ಪುಸ್ತಕದಿಂದಲ್ಲ. ಹೀಗೆ ಮೂರು ಪುಟ. ಕಂಡಕ್ಟರ್ ಕೈಗೆ ಕೊಡದೆ, ಮರುದಿನ ಬೆಳಗಿನ ಬಸ್ಸಿಗೆ ನಾನೇ ಆಕೆಯ ಹಳ್ಳಿಗೆ ಹೋದೆ.

ಶಾಲೆಗೆ ಬೀಗವಿತ್ತು. ಎದುರು ಮನೆಯ ಕಟ್ಟೆಯ ಮೇಲೆ ಒಬ್ಬ ರೈತ ಹಗ್ಗ ಹೊಸೆಯುತ್ತಿದ್ದ. ಬಾಯಾರು ಎಲ್ಲಿ ಎಂದು ಕೇಳಿದೆ.

“ಹೋದ ವಾರ ಹೋದರ್ರಿ. ರಾಜೀನಾಮಾ ಕೊಟ್ಟಾರಂತ.”

“ಹುಡುಗರು?”

“ಹತ್ತಿ ಹೊಲದಾಗ ಅದಾರ. ನನ್ನ ಮಗಳೂ ಅಲ್ಲೇ ಅದಾಳ. ಬಾಯಾರು ಮನಿ ಮನಿ ತಿರಗಿ, ಕಳಸ್ರಿ, ಕಳಸ್ರಿ ಅಂತಿದ್ರು. ಪಾಪ, ಕಡೀಕ ನಾಕನೇ ಕ್ಲಾಸಿನ್ಯಾಗ ಒಬ್ರೂ ಉಳೀಲಿಲ್ಲ. ಸಾಲಿಗಿ ಹೋಗಿ ಸುಮ್ನ ಕುಂತು ಬರೋದಕ್ಕ ಹೊಲಾ ಏನು ಕೆಟ್ಟದ್ರಿ?” ಹಗ್ಗ ಬಿಟ್ಟು ನನ್ನನ್ನು ನೋಡಿದ. “ನೀವೇನು ಹೊಸ ಮಾಸ್ತರೇನ್ರಿ?”

“ಅಲ್ಲ.”

“ಮತ್ತ ಯಾಕ ಬಂದ್ರಿ?”

ಕೈಯಲ್ಲಿದ್ದ ವಹಿಯನ್ನು ಚೀಲದೊಳಗೆ ಸೇರಿಸಿದೆ. ಮರಳುವ ಬಸ್ಸಿಗೆ ಇನ್ನೂ ಮೂರು ತಾಸಿತ್ತು. ಆ ಬೀಗದ ಬಾಗಿಲ ಮೆಟ್ಟಿಲ ಮೇಲೆ ಕುಳಿತೆ.

ಎರಡು ವಹಿಗಳನ್ನು ಮತ್ತೆ ಒಂದು ಮಾಡಿದೆ. ಕೆಂಪು ಶಾಯಿ ನಿಲ್ಲಿಸಿದೆ. ಎಲ್ಲರೂ ಏನನ್ನಾದರೂ ಕೇಳಬಹುದು ಎಂದು ಹೊಸ ವಹಿಯ ಮೊದಲ ಪುಟದಲ್ಲೇ ಬರೆದೆ. ಒಂದು ಸುತ್ತಿನ ಉದ್ದಕ್ಕೂ ಉತ್ತರ ಕಾಣದ ಹೊಸಬರಲ್ಲಿ ಯಾರೂ ಮತ್ತೆ ಕೇಳಲಿಲ್ಲ. ಆಕೆ ಯಾವ ಊರಿಗೆ ಹೋದಳು, ಮತ್ತೆ ಎಲ್ಲಾದರೂ ಪಾಠ ಹೇಳಿದಳೇ, ತಿಳಿಯಲಿಲ್ಲ. ವಹಿ ಮೂವತ್ತೈದು ಜನರ ಕೈ ದಾಟಿ, ಎಲ್ಲಿಯೂ ಒಂದು ದಿನ ತಡವಾಗದೆ, ನನ್ನ ಆ ಸಾಲಿನ ಕೆಳಗೆ ಒಂದು ಅಕ್ಷರವೂ ಇಲ್ಲದೆ ಮರಳಿ ಬಂತು.