ಹಮ್ರಿಯಾಕ್ಕೆ ಬಂದ ಕಡಲಹಕ್ಕಿ

ಮೊನ್ನೆ ಮೀನೆಣ್ಣೆಯ ಮಾತ್ರೆಯೊಂದು ಕಾಲಡಿ ಸಿಕ್ಕಿ ಒಡೆಯಿತು. ಎಷ್ಟು ಒರೆಸಿದರೂ ವಾಸನೆ ಹೋಗಲಿಲ್ಲ. ಈ ಕೊಲ್ಲಿ ನಾಡಿನ ಹಮ್ರಿಯಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು... ಕೆಲವು ದಿನ ಅವಳ ಸೀರೆಗೂ ಕೈಗೂ ಇದೇ ವಾಸನೆ ಹತ್ತಿಕೊಂಡಿತ್ತು.

ವಿಜಯಪುರದ ಕಡೆಯವಳು. ಗಂಡ ಹಡಗಿನಲ್ಲಿ ಎಂಜಿನಿಯರ್. ಕಚ್ಚಾ ಎಣ್ಣೆಯ ಬೆಲೆ ಕುಸಿದು, ನಮ್ಮ ಕಟ್ಟಡದಲ್ಲಿ ಒಂದೊಂದೇ ಮನೆ ಖಾಲಿಯಾಗುತ್ತಿದ್ದ ಕಾಲ ಅದು. ಅವರ ಕೆಲಸವೂ ಹೋಯಿತು. ಕೊನೆಯ ಸಲ ಕಡಲಿನಿಂದ ಮರಳಿದಾಗ ಅವರ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯಿತ್ತು. ಒಳಗೆ ಮಸಿಬಣ್ಣದ ಹಕ್ಕಿ, ಕೊಕ್ಕಿನ ಮೇಲೆ ಸಣ್ಣ ನಳಿಗೆಯಂಥ ಮೂಗು. ಹಡಗಿನ ದೀಪಕ್ಕೆ ಬಡಿದು ಬಿದ್ದಿತ್ತಂತೆ.

"ಎಲ್ಲೋ ದೂರದ ಜ್ವಾಲಾಮುಖಿ ದ್ವೀಪದ ಹಕ್ಕಿ ಇದು. ಜಗತ್ತಿನ್ಯಾಗ ಭಾಳ ಉಳದಿಲ್ಲಂತ. ಬಿಲದಾಗ ಒಂದ ತತ್ತಿ ಇಡತೈತಿ," ಎಂದರು.

"ಮರಿ ಇದ್ದರ?" ಎಂದಳು ಅಕ್ಕ. "ಅದು ಅಲ್ಲೇ ಕಾಯ್ಕೋತ ಕುಂತಿರತೈತಲ್ರಿ?"

ಅವರು ಪೆಟ್ಟಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟರು. ಅವರಿಬ್ಬರ ಕೂಸು ಹುಟ್ಟಿ ಹೆಚ್ಚು ದಿನ ಉಳಿದಿರಲಿಲ್ಲ. ಇಲ್ಲೇ ಮಣ್ಣು ಮಾಡಿದ್ದರು. ಈಗ ವೀಸಾ ರದ್ದಾಗಿ ಊರಿಗೆ ಹೊರಡಬೇಕಿತ್ತು... ಅದೊಂದನ್ನು ಇಲ್ಲಿ ಬಿಟ್ಟು.

ಮೊಟ್ಟೆಯನ್ನೂ ಮುಟ್ಟದವಳು ಬ್ಯಾರಿಗಳ ಅಂಗಡಿಯಿಂದ ಬೂತಾಯಿ ಮೀನು ತಂದು, ಸಣ್ಣಗೆ ಹೆಚ್ಚಿ ಹಕ್ಕಿಯ ಬಾಯಿಗಿಡುತ್ತಿದ್ದಳು. ಅದು ಎಣ್ಣೆಯಂಥದ್ದನ್ನು ಕಕ್ಕಿ ಅವಳ ಸೆರಗು ಕೆಡಿಸುತ್ತಿತ್ತು. ಮುಸ್ಸಂಜೆಗೆ ಕೂಗುತ್ತಿತ್ತು. ಗೋಡೆಯಾಚೆಯಿಂದ ಕೇಳಿದರೆ ಥೇಟ್ ಎಳೆಕೂಸಿನ ಅಳು. ನಾನು ಒಲೆ ಆರಿಸಿ ನಿಂತುಬಿಡುತ್ತಿದ್ದೆ. ಅಷ್ಟರಲ್ಲಿ ಅಕ್ಕನ ದನಿ... "ಬಂದ್ನಿ, ಬಂದ್ನಿ."

ಅವರು ಹೊರಡುವ ಹಿಂದಿನ ದಿನ ಹಕ್ಕಿಯನ್ನು ಹಾರಿಬಿಡಲು ಮೂವರೂ ಹತ್ತಿರದ ಮತ್ರಾದಲ್ಲಿ ಕಡಲಿಗೆ ಚಾಚಿದ ಬಂಡೆಗುಡ್ಡ ಹತ್ತಿದೆವು. ಆ ಹಕ್ಕಿಗೆ ಸಪಾಟು ನೆಲದಿಂದ ಏಳುವುದು ಕಷ್ಟ, ಎತ್ತರ ಬೇಕು, ಗಾಳಿ ಬೇಕು. ಗಾಳಿ ಚೆನ್ನಾಗಿಯೇ ಬೀಸುತ್ತಿತ್ತು. ಅಕ್ಕ ಮಾತ್ರ ಬಿಡಲಿಲ್ಲ. ಎದೆಗೊತ್ತಿಕೊಂಡು ನಿಂತಳು.

"ಅದರ ಕೂಸರೆ ಅದಕ್ಕ ಸಿಗಲಿ, ಬಿಡು," ಎಂದರು ಗಂಡ, ಮೆಲ್ಲಗೆ.

ಕೈ ತೆರೆದಳು. ಹಕ್ಕಿ ಕಲ್ಲಿನಂತೆ ಕೆಳಗೆ ಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅದು ನೀರಿಗೆ ತಾಗುವಷ್ಟು ಕೆಳಗೆ ರೆಕ್ಕೆ ಚಾಚಿ ತೇಲುತ್ತಿತ್ತು, ಆಗಲೇ ಬಹಳ ದೂರ...

ಇಳಿಯುವಾಗ ಅಕ್ಕ ನನ್ನ ಕೈ ಹಿಡಿದಳು. "ನಮ್ಮ ಕೂಸಿನ ಕಡೆ ಆಗಾಗ ಹೋಗಿ ಬರ್ತಿಯೇನ್ ತಂಗಿ?"

ಹೋಗುತ್ತಿದ್ದೆ. ಬಂದ ಕೂಡಲೇ ಫೋನ್ ಮಾಡುತ್ತಿದ್ದೆ. "ನೀರು ಹಾಕಿ ಬಂದೆ ಅಕ್ಕಾ" ಎಂದರೆ "ಬಿಸಲು ಭಾಳ ಐತೇನ್ ಅಲ್ಲಿ?" ಎಂದು ಕೇಳುತ್ತಿದ್ದಳು. ಹೋದ ವರ್ಷ ಅವಳೂ ತೀರಿಕೊಂಡಳು.

ಈ ಶುಕ್ರವಾರವೂ ಹೋಗಿದ್ದೆ. ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ, ಫೋನಿನಲ್ಲಿ ಅವಳ ಹೆಸರು ಹುಡುಕುತ್ತಿದ್ದೆ.