ಒಂದೇ ಗಾಲಿಗೆ ವಿಭೂತಿ

ಅದು ಎಡಗಡೆಯ ಗಾಲಿಯೋ ಬಲಗಡೆಯದೋ, ಈಗ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೆ ಬೆಳಿಗ್ಗೆ ಅಂಗಳಕ್ಕೆ ಬಂದಾಗ ಅಪ್ಪನ ಕಾರಿನ ಒಂದು ಗಾಲಿಗೆ ದಪ್ಪಗೆ ವಿಭೂತಿ ಬಳಿದಿತ್ತು, ಕಾಕಾ ಅದರ ಮುಂದೆ ಕೈಮುಗಿದು ಕೂತಿದ್ದ. ಇಷ್ಟು ಖಂಡಿತ.

ಅವು ಅಪ್ಪ ಆಸೆಪಟ್ಟು ನಿಪ್ಪಾಣಿಯಲ್ಲಿ ಹಾಕಿಸಿದ ಕಪ್ಪು ಅಲಾಯ್ ಗಾಲಿಗಳು. ಹಿಂದಿನ ದಿನ ಕಾಕಾ ಹೇಳದೆ ಕೇಳದೆ ಕಾರನ್ನು ರಾಯಬಾಗಕ್ಕೆ ಒಯ್ದಿದ್ದ. ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ರಸ್ತೆಯಂಚಿನ ಕಲ್ಲಿಗೆ ಗಾಲಿ ಉಜ್ಜಿ, ಬಣ್ಣ ಕಿತ್ತು ಬಿಳಿ ಲೋಹ ಕಾಣುತ್ತಿತ್ತು. ಅದೇ ಬಣ್ಣ ತರಿಸಲು ಅಂಗಡಿಯವರು ಒಂದು ವಾರ ಕೇಳಿದ್ದರು. ಅಲ್ಲಿಯವರೆಗೆ ಅಪ್ಪನಿಗೆ ತಿಳಿದರೆ ಇನ್ನೆಂದೂ ಕಾರಿನ ಕೀಲಿ ಕೈಗೆ ಸಿಗುವುದಿಲ್ಲವೆಂಬ ಭಯ ಅವನಿಗೆ. ಇದನ್ನು ನನಗೊಬ್ಬಳಿಗೇ ಹೇಳಿದ್ದ.

ಅಪ್ಪ ಹೊರಗೆ ಬಂದ. "ಒಂದ ಗಾಲಿಗೆ ಯಾಕೋ ಪೂಜಿ? ಉಳದ ಮೂರು ಏನ್ ಪಾಪ ಮಾಡ್ಯಾವು?"

"ಕನಸಿನ್ಯಾಗ ಇದೊಂದ ಬಂದಿತ್ತಣ್ಣಾ," ಎಂದ ಕಾಕಾ.

ಅಪ್ಪ ಒರೆಸಲು ಬಗ್ಗಿದ. ಕಾಕಾನ ಮುಖ ಆ ಗಾಲಿಗಿಂತ ಬಿಳಿಯಾಯಿತು. ಅಷ್ಟರಲ್ಲಿ ಅಜ್ಜಿ ನಡುವೆ ಬಂದಳು.

"ಕೈ ತಗೀಲೇ! ಹಚ್ಚಿದ ವಿಭೂತಿ ಯಾರರ ಅಳಸ್ತಾರೇನು?" ಎಂದು ಗದರಿಸಿ ತಾನೂ ಗಾಲಿಗೆ ನಮಸ್ಕರಿಸಿದಳು. ಅಪ್ಪ ಚಪ್ಪಲಿ ಬಿಟ್ಟು ಕೈಮುಗಿದ.

ಬಣ್ಣ ಬರುವವರೆಗೂ ಅಜ್ಜಿ ದಿನಾ ಆ ಗಾಲಿಗೆ ಹೊಸ ವಿಭೂತಿ ಹಚ್ಚಿದಳು, ಸರಿಯಾಗಿ ಬಣ್ಣ ಕಿತ್ತ ಜಾಗಕ್ಕೇ. "ನಿನಗ ಮೊದಲ ಗೊತ್ತಿತ್ತೇನ ಅಜ್ಜಿ?" ಎಂದು ಕೇಳಿದೆ. ಅವಳು ಬೆರಳಿಗೆ ಉಳಿದಿದ್ದನ್ನು ನನ್ನ ಹಣೆಗೆ ಹಚ್ಚಿ ಒಳಗೆ ಹೋದಳು.