ಕಿಚ್ಚಿನ ಮಾಸ್ತರರು

ಹುಕ್ಕೇರಿ ಸೀಮೆಯಲ್ಲಿ ಸಭೆ ಯಾವುದೇ ಇರಲಿ, ಭಾಷಣಕ್ಕೆ ನಿವೃತ್ತ ಕನ್ನಡ ಶಿಕ್ಷಕ ಗುರುಪಾದಪ್ಪನವರೇ ಬರಬೇಕು. ಅವರು ಬಂದರೆ ‘ಕಿಚ್ಚು’ ಎಂಬ ಮಾತೂ ಬಂದಂತೆಯೇ ಆಗಿತ್ತು. ಓದುವ ಮಕ್ಕಳಲ್ಲಿ ಕಿಚ್ಚಿರಬೇಕು, ಪೈಲವಾನನಲ್ಲಿ ಕಿಚ್ಚಿರಬೇಕು, ಯಮಕನಮರಡಿಯ ಮಿರ್ಚಿಭಜಿಯಲ್ಲೂ ಕಿಚ್ಚಿರಬೇಕು. ಒಂದು ಮದುವೆಯಲ್ಲಿ ವಧೂವರರಿಗೂ ಅದನ್ನೇ ಹಾರೈಸಿದ್ದರು. “ಸರ, ಮೈಕ್ ಸುಟ್ಟೀತ್ರಿ” ಎಂದು ಹಿಂದಿನ ಸಾಲಿನವರು ನಗುತ್ತಿದ್ದರು. ಮೂರು ವರ್ಷಗಳ ಹಿಂದೆ, ಕಾಲುವೆಯ ನೀರಿಗಾಗಿ ನಡೆದ ಧರಣಿಯಲ್ಲಿ ಅವರು ತರುಣರ ಕಿಚ್ಚಿನ ಕುರಿತು ಮಾತಾಡಿದ ಮರುದಿನ, ಅವರ ಮೆಚ್ಚಿನ ಶಿಷ್ಯ ಅಭಿಷೇಕ ಮೈಗೆ ಬೆಂಕಿ ಹಚ್ಚಿಕೊಂಡು ತೀರಿಕೊಂಡ. ಹುಡುಗನ ಮಂದಿಯಲ್ಲಿ ಸತ್ತವರನ್ನು ಕೂಡಿಸಿಯೇ ಮಣ್ಣು ಮಾಡುವುದು ಪದ್ಧತಿ. ಸೆಟೆದುಹೋದ ಆ ದೇಹವನ್ನು ಕೂಡಿಸಲು ಯಾರಿಂದಲೂ ಆಗಲಿಲ್ಲ. ಕುಣಿಯ ಬಳಿ ಅವನ ತಾಯಿ ನೀಲವ್ವ ಮಾಸ್ತರರನ್ನು ಬೈಯಲಿಲ್ಲ. “ನನ್ನ ಮಗಗ ಕುಂದ್ರೂ ಭಾಗ್ಯಾನೂ ಇಲ್ದಂಗಾತ್ರಿ, ಸರ” ಎಂದಳು, ಅಷ್ಟೆ. ಅಂದಿನಿಂದ ಮಾಸ್ತರರ ಭಾಷಣದಲ್ಲಿ ‘ಕಿಚ್ಚು’ ಎಂಬ ಮಾತಿಲ್ಲ. ವೇದಿಕೆಯ ಕುರ್ಚಿಯಲ್ಲಿ ಅವರು ಕುಳಿತದ್ದನ್ನೂ ಯಾರೂ ಕಂಡಿಲ್ಲ. ಸಭೆ ಮೂರು ತಾಸು ನಡೆದರೂ, ಕುರ್ಚಿಯ ಬೆನ್ನು ಹಿಡಿದು ನಿಂತೇ ಇರುತ್ತಾರೆ. ಸಂಘಟಕರು ಅವರತ್ತ ಕೈ ತೋರಿಸಿ ಎಳೆಯರಿಗೆ ಹೇಳುತ್ತಾರೆ: “ಈ ವಯಸ್ಸಿನಾಗೂ ಎಂಥಾ ಕಿಚ್ಚ ಐತಿ, ನೋಡ್ರಿ.”